ಸೈಮಿ ಕೊಡದ ಶಾಂತಿ

ಉತ್ತರದ ಹಿಮದ ನಾಡಿನ ನಮ್ಮ ಊರಿನಲ್ಲಿ ಕ್ಷಮೆ ಕೇಳುವುದರಲ್ಲಿ ಸೈಮಿಯದು ಎತ್ತಿದ ಕೈ. ಯಾರಾದರೂ ಬಂದು "ಸೈಮಿ, ನಿನ್ನ ವಿಷಯದಲ್ಲಿ ಮನಸ್ಸಿಗೆ ಭಾರ ಆಗಿದೆ" ಅಂದರೆ ಸಾಕು, ಏನು ಎತ್ತ ಎಂದು ವಿಚಾರಿಸುವ ಮೊದಲೇ ಅವಳ ಕಣ್ಣು ತುಂಬಿಬಿಡುತ್ತಿತ್ತು. ಅಡುಗೆಮನೆಗೆ ಹೊಸ ಪರದೆ ಹಾಕಿದ್ದಳೇ? ಅಹಂಕಾರ, ಕ್ಷಮಿಸಿ. ಹಿರಿಮಗಳು ಇರ್ಯಾ ಶಾಲೆಯ ಓಟದ ಪಂದ್ಯದಲ್ಲಿ ಗೆದ್ದಳೇ? ಲೋಕದ ಆಸೆ, ಕ್ಷಮಿಸಿ. ಬಟ್ಟೆ ಒಗೆಯುವ ಯಂತ್ರ ಬಂದಾಗ ಅದರ ದುಂಡು ಗಾಜಿನ ಮುಂದೆ ಮಕ್ಕಳೆಲ್ಲ ಸಾಲಾಗಿ ಕೂತು ಅಪ್ಪನ ಅಂಗಿ ಗಿರಗಿರ ತಿರುಗುವುದನ್ನು ನೋಡುತ್ತಿದ್ದರು. ಟೀವಿಯೇ ಪಾಪ ಎಂದು ನಂಬಿದ ಊರು ನಮ್ಮದು. ಇದೂ ಒಂದು ಟೀವಿಯೇ ಎಂದು ಯಾರಿಗೋ ಅನಿಸಿತು. ಸೈಮಿ ಅದಕ್ಕೂ ಅತ್ತು, ಗಾಜಿಗೆ ಕ್ರೋಶಾ ಬಟ್ಟೆ ಹೊದಿಸಿದಳು. ಅವಳ ಗಂಡ ಅರ್ವಿ ಅದನ್ನು ನೋಡಿ, "ಪಾಪ, ಯಂತ್ರಕ್ಕೆ ಚಳಿ ಆಗ್ತಿತ್ತೇನೋ" ಅಂದ.

ನಮ್ಮಲ್ಲಿ ಎಚ್ಚರಿಕೆ ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತದೆ. ಇಬ್ಬರು ಹೆಂಗಸರು, ಕೈಯಲ್ಲಿ ಬಟ್ಟೆ ಮುಚ್ಚಿದ ಏಲಕ್ಕಿ ಬನ್ನಿನ ತಟ್ಟೆ. ಮೊದಲ ಲೋಟ ಕಾಫಿಗೆ ಹಿಮ, ಹಸು, ಯಾರು ಬಸುರಿ ಎಂಬ ಮಾತು. ಎರಡನೆಯ ಲೋಟ ಸುರಿದ ಮೇಲೆ ಬಂದ ಕೆಲಸ. ಹೇಳಿಸಿಕೊಂಡವರು ತಪ್ಪಾಯಿತು ಎಂದರೆ ಬಂದವರು ಎದ್ದು ಕೊರಳು ತಬ್ಬಿ, ಯೇಸುವಿನ ಹೆಸರಿನಲ್ಲಿ, ಆತನ ರಕ್ತದಲ್ಲಿ ಎಲ್ಲ ಕ್ಷಮೆಯಾಗಿದೆ, ನಂಬು ಎನ್ನುತ್ತಾರೆ. ಮನಸ್ಸು ಆಗ ತೊಳೆದಿಟ್ಟ ಪಾತ್ರೆಯ ಹಾಗೆ ಆಗುತ್ತದೆ. ಅದನ್ನು ಹೀಯಾಳಿಸುವವರು ಆ ತೋಳುಗಳೊಳಗೆ ಒಮ್ಮೆಯೂ ಅತ್ತವರಲ್ಲ. ಸೈಮಿ ವಾರಕ್ಕೊಮ್ಮೆಯಾದರೂ ಅಳುತ್ತಿದ್ದಳು, ಹಗುರವಾಗುತ್ತಿದ್ದಳು, ಒಂಬತ್ತು ಮಕ್ಕಳ ಕೆಲಸಕ್ಕೆ ಮತ್ತೆ ಏಪ್ರನ್ ಬಿಗಿಯುತ್ತಿದ್ದಳು.

ಬಂದ ಎಚ್ಚರಿಕೆಯನ್ನು ತೂಗಲು ಅವಳಿಗೆ ಇದ್ದ ತಕ್ಕಡಿ ಒಂದೇ: ತಂದವರು ಅಳುತ್ತಿದ್ದಾರೆಯೇ? ಅಳುತ್ತಿದ್ದರೆ ನಿಜ. ಅದರಲ್ಲೂ ತಂದವಳು ಮಾರ್ತಾ ಆದರೆ ತೂಗುವ ಮಾತೇ ಇರಲಿಲ್ಲ. ಮಾರ್ತಾ ಸೇತುವೆಯ ಆಚೆಯ ಮನೆಯವಳು, ಚಿಕ್ಕಂದಿನಿಂದ ಗೆಳತಿ. ಸೈಮಿಗೆ ಅವಳಿಜವಳಿ ಹುಟ್ಟಿ ಜೀವ ಹೋಗುವಂತಾದಾಗ ರಕ್ತದ ಹಾಸಿಗೆ ಬಟ್ಟೆಗಳನ್ನು ಹಿಮ ಕರಗಿದ ನೀರಿನಲ್ಲಿ ಒಗೆದವಳು ಅವಳೇ. ಅವಳ ಗಂಡ ಉರ್ಹೋ ಪ್ರಾರ್ಥನೆಯ ಮನೆಯ ಹಿರಿಯ. ಮಾರ್ತಾ ಕೆಟ್ಟವಳಾಗಿದ್ದರೆ ಈ ಕಥೆ ಎಷ್ಟೋ ಸುಲಭವಾಗಿರುತ್ತಿತ್ತು. ಅವಳ ಕಣ್ಣೀರು ಸುಳ್ಳಲ್ಲ. ಅಳುವವರು ತಪ್ಪಬಹುದು ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ, ಸೈಮಿಗೂ ಗೊತ್ತಿರಲಿಲ್ಲ.

ಅರ್ವಿ ಹಾಲಿನ ಲಾರಿ ಓಡಿಸುತ್ತಿದ್ದ. ನಸುಕಿಗೆ ಎದ್ದು ಪಕ್ಕದ ಊರಿನವರೆಗೆ ನದಿಯ ಎರಡೂ ದಡದ ಮನೆಗಳ ಮುಂದೆ ಇಟ್ಟ ಕ್ಯಾನುಗಳನ್ನು ಎತ್ತಿಕೊಂಡು ಡೇರಿಗೆ ಮುಟ್ಟಿಸುವ ಕೆಲಸ. ಪ್ರಾರ್ಥನೆಯ ಮನೆಗೆ ಸೇರಿದ ವಿಶ್ವಾಸಿಗಳ ಮನೆಯ ಹಾಲು, ಕುಡುಕರ ಮನೆಯ ಹಾಲು, ಕಮ್ಯುನಿಸ್ಟರ ಮನೆಯ ಹಾಲು ಎಲ್ಲವೂ ಒಂದೇ ಲಾರಿಯಲ್ಲಿ. ಉದ್ದನೆಯ ಆಳು, ಮಾತು ಕಡಿಮೆ, ಆಡಿದರೆ ಅದರಲ್ಲೊಂದು ಚುಚ್ಚು. ಆದರೆ ನಂಬಿಕೆಯಲ್ಲಿ ಗಟ್ಟಿ. ಸೈಮಿಯಂತೆ ವಾರಕ್ಕೊಮ್ಮೆ ಅಳುತ್ತಿರಲಿಲ್ಲ, ಅಷ್ಟೆ.

ಆ ಚಳಿಗಾಲ ಕುಸ್ತಾ ಎಂಬ ಮುದಿ ಪ್ರಸಂಗಿ ಪಕ್ಕದ ಊರಿನಿಂದ ಬಂದು ನಮ್ಮ ಪ್ರಾರ್ಥನೆಯ ಮನೆಯಲ್ಲಿ ಮಾತಾಡಿದ. ಎಲ್ಲೆಲ್ಲೂ ಎಚ್ಚರಿಕೆಗಳು ಹಾರಾಡುತ್ತಿದ್ದ ಕಾಲ ಅದು. ಇಂಥವನಿಗೆ ದೇವರದಲ್ಲದ ಬೇರೆ ಆತ್ಮ ಹಿಡಿದಿದೆ, ಅಂಥವಳಿಗೆ ಬೇರೆ ಆತ್ಮ ಹಿಡಿದಿದೆ ಎಂದು ದಿನಕ್ಕೊಂದು ಸುದ್ದಿ. ಕುಸ್ತಾ ಹೇಳಿದ್ದು ಇಷ್ಟೇ: "ಜ್ವರ ಬಂದಿದೆ ಅನ್ನೋ ಡಾಕ್ಟರು ಮೊದಲು ಹಣೆ ಮುಟ್ಟಿ ನೋಡ್ತಾನೆ. ನಿಮ್ಮ ಹತ್ರ ಎಚ್ಚರಿಕೆ ತರೋರು ನಿಮ್ಮ ಹಣೆ ಮುಟ್ಟಿದಾರಾ ಕೇಳಿ. ಯಾವ ಪಾಪ, ಎಲ್ಲಿ ಕಂಡ್ರಿ, ದೇವರ ವಾಕ್ಯದಲ್ಲಿ ಅದನ್ನ ಪಾಪ ಅಂತ ಎಲ್ಲಿ ಹೇಳಿದೆ, ಕೇಳಿ. ಕೇಳಿದ್ರೆ ದೇವರಿಗೇನೂ ಸಿಟ್ಟು ಬರಲ್ಲ." ದೇವರಿಗೆ ಬಂತೋ ಇಲ್ಲವೋ, ಉರ್ಹೋಗೆ ಬಂತು. ತಿಂಗಳು ಕಳೆಯುವುದರೊಳಗೆ ಕುಸ್ತಾನನ್ನೇ ಕರೆಸಿ ವಿಚಾರಿಸಿ, ಅವನಿಗೆ ಬೇರೆ ಆತ್ಮ ಹಿಡಿದಿದೆ ಎಂದು ಕಟ್ಟಿಹಾಕಿದರು.

ಕಟ್ಟಿಹಾಕುವುದು ಎಂದರೆ ಹಗ್ಗವಿಲ್ಲ, ಬೀಗವಿಲ್ಲ. ವಿಶ್ವಾಸಿಗಳು ಒಬ್ಬರಿಗೊಬ್ಬರು ಎದುರಾದಾಗ ಕೈಹಿಡಿದು "ದೇವರ ಶಾಂತಿ" ಎನ್ನುತ್ತಾರೆ. ಹೊರಗಿನವರಿಗೆ ಬರೀ "ನಮಸ್ಕಾರ". ಕಟ್ಟಿಹಾಕಿದವನಿಗೆ ಅಂದಿನಿಂದ ಶಾಂತಿ ಇಲ್ಲ, ನಮಸ್ಕಾರ ಮಾತ್ರ. ಅಂಗಡಿಯಲ್ಲಿ, ಸೇತುವೆಯ ಮೇಲೆ, ಸ್ವಂತ ತಂಗಿಯ ಮದುವೆಯಲ್ಲಿ, ನಮಸ್ಕಾರ. ಕೇಳಲು ಏನೂ ಅಲ್ಲ ಅನಿಸುತ್ತದೆ. ಹುಟ್ಟಿದಂದಿನಿಂದ ಒಂದೇ ಮಾತಿನಲ್ಲಿ ಬೆಳೆದವನಿಗೆ ಅದು ಬದುಕಿದ್ದಾಗಲೇ ಮಣ್ಣು ಮಾಡಿದ ಹಾಗೆ.

ಹಿಮ ಕರಗುವ ಹೊತ್ತಿಗೆ ಅರ್ವಿ ಕುಸ್ತಾನ ಮನೆಯ ಮುಂದೆ ಲಾರಿ ನಿಲ್ಲಿಸಿ, ಕ್ಯಾನು ಎತ್ತಿಕೊಡಲು ಬಂದ ಮುದುಕನ ಕೈ ಹಿಡಿದು ಗಟ್ಟಿಯಾಗಿ "ದೇವರ ಶಾಂತಿ" ಅಂದ. ಹಿಂದೆ ಟ್ರಾಕ್ಟರಿನಲ್ಲಿ ಬರುತ್ತಿದ್ದವನು ಕೇಳಿಸಿಕೊಂಡ.

ಬುಧವಾರ ಮಾರ್ತಾ ಬಂದಳು, ಜೊತೆಗೆ ಅವಳ ನಾದಿನಿ ತೊಯ್ನಿ. ಬನ್ನು, ಮೊದಲ ಲೋಟ, ಎರಡನೆಯ ಲೋಟ.

"ಸೈಮಿ, ಅರ್ವಿ ವಿಷಯದಲ್ಲಿ ನನಗೆ ಊಟ ಸೇರ್ತಿಲ್ಲ ಕಣೇ," ಅಂದಳು ಮಾರ್ತಾ. ಕಣ್ಣು ಆಗಲೇ ಕೆಂಪಾಗಿತ್ತು. "ಅವನಿಗೆ ಬೇರೆ ಆತ್ಮ ಸೋಕಿದೆ."

"ನಾನೇ ಸರಿಯಾಗಿ ನೋಡ್ಕೊಂಡಿಲ್ಲ. ನನ್ನನ್ನ ಕ್ಷಮಿಸಿ," ಅಂದಳು ಸೈಮಿ, ಲೋಟ ಕೆಳಗಿಡುವ ಮೊದಲೇ.

"ನಿನಗೆ ಕ್ಷಮೆ ಇದೆ ಬಿಡು. ಅವನಿಗೆ ಹೇಳು. ಮನೆ ಅಂದ್ಮೇಲೆ ಒಬ್ಬರಿಗೆ ಹಿಡಿದದ್ದು ಎಲ್ಲರಿಗೂ ಹಿಡಿಯುತ್ತೆ. ಒಂಬತ್ತು ಮಕ್ಕಳಿದಾವೆ, ನೆನಪಿಟ್ಕೋ," ಅಂದಳು ತೊಯ್ನಿ. ತೊಯ್ನಿ ಅಳುವವಳಲ್ಲ, ಲೆಕ್ಕ ಹಾಕುವವಳು.

ಊಟದ ಹೊತ್ತಿಗೆ ಸೈಮಿ ಗಂಡನ ಮುಂದೆ ಆಲೂಗಡ್ಡೆ, ಉಪ್ಪುಮೀನು ಇಟ್ಟು ಪಕ್ಕದಲ್ಲೇ ನಿಂತಳು. "ಕೇಳಿಬಿಡು ಮಾರಾಯ, ಕ್ಷಮೆ. ಒಂದು ಮಾತು ತಾನೆ?"

"ಯಾವುದಕ್ಕೆ?"

"ಎಲ್ಲದಕ್ಕೂ."

"ಎಲ್ಲದಕ್ಕೂ ಅಂದ್ರೆ ಯಾವುದಕ್ಕೂ ಅಲ್ಲ ಅಂತ ಅರ್ಥ." ಅರ್ವಿ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗೆ ಇಟ್ಟ. "ಸೈಮಿ, ನೀನು ಇಷ್ಟು ವರ್ಷ ಕ್ಷಮೆ ಕೇಳಿದೀಯಲ್ಲ, ಅದರಲ್ಲಿ ಒಂದು ಪಾಪನಾದ್ರೂ ನಿಂದಾಗಿತ್ತಾ?"

ಸೈಮಿಗೆ ಸಿಟ್ಟು ಬಂತು, ಯಾಕೆಂದು ಗೊತ್ತಾಗಲಿಲ್ಲ. ಆ ಸಿಟ್ಟನ್ನೂ ಪಾಪವೆಂದು ಎಣಿಸಿ ಮಾರನೆಯ ದಿನ ಮಾರ್ತಾಳ ಹತ್ತಿರ ಕ್ಷಮೆ ಕೇಳಿ ಬಂದಳು.

ಜೂನ್ ತಿಂಗಳ ಒಂದು ಭಾನುವಾರ, ಪ್ರಸಂಗ ಮುಗಿದ ಮೇಲೆ ಯಾರೂ ಮನೆಗೆ ಹೋಗಕೂಡದು ಎಂದು ಉರ್ಹೋ ಹೇಳಿದ. ಕಿಟಕಿಗಳಲ್ಲಿ ಬಿಸಿಲು, ಹೊರಗೆ ಮಕ್ಕಳ ಗದ್ದಲ, ಒಳಗೆ ಬೆಂಚುಗಳ ತುಂಬ ಜನ. ಅರ್ವಿಯನ್ನು ಮುಂದೆ ಕೂರಿಸಿದರು. ಒಬ್ಬೊಬ್ಬರಾಗಿ ಎದ್ದು ಮನಸ್ಸಿನ ಭಾರ ಹೇಳಿದರು. ಒಬ್ಬನಿಗೆ ಅರ್ವಿಯ ನಗು ಸರಿಯಿಲ್ಲ ಅನಿಸಿತ್ತು. ಇನ್ನೊಬ್ಬಳಿಗೆ ಅವನ ಲಾರಿ ಹೋದ ಮೇಲೆ ಅಂಗಳದಲ್ಲಿ ಏನೋ ತಣ್ಣಗೆ ಉಳಿದ ಹಾಗೆ ಅನಿಸಿತ್ತು. ಮಾರ್ತಾ ಅಳುತ್ತಲೇ ಮಾತಾಡಿದಳು, ಏನು ಹೇಳಿದಳೋ ಅರ್ಧ ಅರ್ಥವಾಗಲಿಲ್ಲ. ಆದರೂ ಎಲ್ಲರ ಕಣ್ಣು ಒದ್ದೆಯಾಯಿತು.

"ಸರಿ," ಅಂದ ಅರ್ವಿ. "ಯಾವ ಪಾಪ ಅಂತ ಒಂದು ಹೆಸರು ಹೇಳಿ. ಹೇಳಿದ್ರೆ ಇಲ್ಲೇ ಈಗ್ಲೇ ಕ್ಷಮೆ ಕೇಳ್ತೀನಿ. ಕುಸ್ತಾಗೆ ಕೈ ಕೊಟ್ಟಿದ್ದಾ? ಅದನ್ನ ಯಾಕೆ ಕೊಟ್ಟೆ ಅಂದ್ರೆ, ಅವನು ಏನು ತಪ್ಪು ಮಾಡಿದ ಅಂತ ನಿಮ್ಮಲ್ಲಿ ಯಾರೂ ನನಗೆ ಹೇಳ್ಲಿಲ್ಲ."

"ಹೆಸರು ಕೇಳೋದೇ ಆ ಆತ್ಮದ ಗುರುತು, ಸಹೋದರ," ಅಂದ ಉರ್ಹೋ.

"ಕೇಳದಿದ್ರೆ?"

"ಕೇಳದಿದ್ರೆ ಒಪ್ಕೊಂಡ ಹಾಗೆ."

ಸೈಮಿ ಹೆಂಗಸರ ಬೆಂಚಿನಲ್ಲಿ ಕೂತು ಎರಡೂ ಕೈ ಹಿಸುಕಿಕೊಳ್ಳುತ್ತಿದ್ದಳು. ಅವಳಿಗೆ ಒಂದು ಮಾತು ಮಾತ್ರ ಕಿವಿಗೆ ಬಿತ್ತು: ಗಂಡ ಹೆಸರು ಕೇಳುತ್ತಿದ್ದಾನೆ. ಒಂದು ಹೆಸರು ಸಿಕ್ಕರೆ ಕ್ಷಮೆ ಕೇಳುತ್ತಾನೆ, ಕೇಳಿದರೆ ಎಲ್ಲರೂ ತಬ್ಬಿಕೊಳ್ಳುತ್ತಾರೆ, ಮನೆಗೆ ಹೋಗಿ ಕಾಫಿ ಕುಡಿಯಬಹುದು. ಅಷ್ಟು ಜನರಲ್ಲಿ ಯಾರ ಬಳಿಯೂ ಇಲ್ಲದ ಹೆಸರನ್ನು ತಾನೇ ಕೊಟ್ಟರಾಯಿತಲ್ಲ! ಹೀಗೆ ಯೋಚಿಸಲು ಸೈಮಿಯೇ ಆಗಬೇಕು. ಅವಳ ಬದುಕಿನಲ್ಲಿ ಪಾಪ ಎಂದರೆ ಕ್ಷಮೆ ಸಿಗುವುದಕ್ಕೆ ಬೇಕಾದ ಒಂದು ಚೀಟಿ. ಅವಳು ಎದ್ದು ನಿಂತಳು. ಪ್ರೀತಿಯಿಂದಲೇ ನಿಂತಳು, ಅದನ್ನು ಹೇಳಲೇಬೇಕು.

"ಅವನು ಮಕ್ಕಳ ಜೊತೆ ಬೆಳಗಿನ ಪ್ರಾರ್ಥನೆಗೆ ಕೂರಲ್ಲ," ಅಂದಳು.

ಸಭೆ ನಿಟ್ಟುಸಿರು ಬಿಟ್ಟಿತು. ಹೆಂಡತಿಯೇ ಹೇಳಿದ ಮೇಲೆ! ಮಕ್ಕಳು ಏಳುವ ಮೊದಲೇ ಅರ್ವಿ ಲಾರಿಯಲ್ಲಿರುತ್ತಾನೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಅವರವರ ಕ್ಯಾನು ಎತ್ತುತ್ತಿದ್ದವನು ಅವನೇ. ಒಬ್ಬರೂ ಬಾಯಿ ಬಿಡಲಿಲ್ಲ. ಅರ್ವಿ ತಿರುಗಿ ಹೆಂಡತಿಯನ್ನು ನೋಡಿದ.

"ನಿಜ," ಅಂದ. "ಅದು ನಿಜ. ಅದಕ್ಕೆ ಕ್ಷಮೆ ಕೇಳ್ತೀನಿ. ನಿನ್ನ ಹತ್ರ, ಮಕ್ಕಳ ಹತ್ರ."

ಸೈಮಿ ಅವನನ್ನು ತಬ್ಬಲು ಬೆಂಚಿನಿಂದ ಆಚೆ ಕಾಲಿಟ್ಟಳು. ಉರ್ಹೋ ಕೈ ಎತ್ತಿದ. "ಕೂತ್ಕೋ, ಸಹೋದರಿ. ಇದು ಕೊಂಬೆ. ಬೇರು ಇನ್ನೂ ಒಳಗೇ ಇದೆ. ಕೊಂಬೆ ಕೊಟ್ಟು ಬೇರು ಉಳಿಸ್ಕೊಳ್ತಿದಾನೆ."

ಹೀಗೆ ಅವಳು ಕೊಟ್ಟದ್ದು ಗಂಡನಿಗೂ ದಕ್ಕಲಿಲ್ಲ. ಸಂಜೆಯಾಗುವ ಮೊದಲೇ ಅರ್ವಿಯನ್ನು ಕಟ್ಟಿಹಾಕಿ ಆಯಿತು. ಒಪ್ಪುವವರು ಎದ್ದು ನಿಲ್ಲಿ ಎಂದಾಗ ಎಲ್ಲರೂ ನಿಂತರು. ಸೈಮಿ ಆಗಲೇ ನಿಂತಿದ್ದಳು, ಕೂರಲು ಮರೆತಿದ್ದಳು. ಅದನ್ನೂ ಒಪ್ಪಿಗೆ ಎಂದೇ ಎಣಿಸಿಕೊಂಡರು.

ಮರುದಿನ ಮಧ್ಯಾಹ್ನ ಅರ್ವಿ ಕೆಲಸ ಮುಗಿಸಿ ಅಡುಗೆಮನೆಗೆ ಬಂದು, ಎಂದಿನಂತೆ ಕೈ ಚಾಚಿ "ದೇವರ ಶಾಂತಿ, ಸೈಮಿ" ಅಂದ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸೈಮಿ ಕೈ ಒರೆಸಿಕೊಂಡು ಅವನ ಕೈ ಹಿಡಿದು, "ನಮಸ್ಕಾರ" ಅಂದಳು. ಅವನು ಇರ್ಯಾಳ ಕಡೆ ತಿರುಗಿದ. ಹನ್ನೊಂದರ ಹುಡುಗಿ, ಅಪ್ಪನ ಮುದ್ದು, ಶಾಂತಿ ಎನ್ನಲು ಬಾಯಿ ತೆರೆದಿದ್ದಳು. ಸೈಮಿ ಅವಳ ಭುಜ ಹಿಡಿದು, "ನಮಸ್ಕಾರ ಅನ್ನು," ಅಂದಳು. ಇರ್ಯಾ ಅಂದಳು. ಉಳಿದ ಮಕ್ಕಳು ಅಕ್ಕನನ್ನು ನೋಡಿ ಕಲಿತರು. ಅರ್ವಿ ಒಂಬತ್ತು ಕೈಗಳನ್ನೂ ಕುಲುಕಿ ಊಟಕ್ಕೆ ಕೂತ.

ಆಮೇಲೆ ನಾಲ್ಕು ಚಳಿಗಾಲ ಹೋದವು. ಅರ್ವಿಯ ಕೆಲಸ ಹೋಗಲಿಲ್ಲ. ಹಸುಗಳಿಗೆ ಆತ್ಮಗಳ ವ್ಯತ್ಯಾಸ ತಿಳಿಯುವುದಿಲ್ಲ, ಹಾಲು ಕಾಯುವುದಿಲ್ಲ. ಕಟ್ಟಿಹಾಕಿದವನ ಲಾರಿಗೆ ವಿಶ್ವಾಸಿಗಳ ಹಾಲು ಹಾಕಬಹುದೇ ಎಂದು ಯಾರೂ ಎಚ್ಚರಿಕೆ ತರಲಿಲ್ಲ, ಅದು ತಂದರೆ ನಷ್ಟ ತಮ್ಮದೇ ಎಂಬುದು ಗೊತ್ತಿತ್ತು. ಅವನು ಮೊದಲಿನಂತೆ ಕಟ್ಟಿಗೆ ಒಡೆದ, ಶನಿವಾರ ಹಬೆಸ್ನಾನದ ಸೌನಾ ಕಾಯಿಸಿದ, ಮಕ್ಕಳ ಷೂ ರಿಪೇರಿ ಮಾಡಿದ. ಕೆಲವು ತಿಂಗಳು "ದೇವರ ಶಾಂತಿ" ಎನ್ನುತ್ತಲೇ ಇದ್ದ. ಆಮೇಲೊಂದು ದಿನ, ಅವಳಿಗೆ ಕಷ್ಟವಾಗುತ್ತದೆ ಎಂದೋ ಏನೋ, ತಾನೇ ಮೊದಲು "ನಮಸ್ಕಾರ" ಅಂದ. ಸೈಮಿಗೆ ಅಂದು ಅದಕ್ಕೆ ಯಾರ ಹತ್ತಿರ ಕ್ಷಮೆ ಕೇಳಬೇಕು ಎಂದು ಹೊಳೆಯಲಿಲ್ಲ.

ಅವಳು ಅವನನ್ನು ಕಾಯತೊಡಗಿದಳು, ಒಲೆಯ ಮೇಲಿನ ಹಾಲು ಕಾಯುವ ಹಾಗೆ. ಆ ಬೇರೆ ಆತ್ಮ ಎಂದಾದರೊಂದು ದಿನ ತಲೆ ತೋರಿಸಲೇಬೇಕಲ್ಲ. ಬೈಯುತ್ತಾನೆಯೇ, ಕುಡಿಯುತ್ತಾನೆಯೇ, ಬೇರೆ ಹೆಣ್ಣಿನ ಮುಖ ನೋಡುತ್ತಾನೆಯೇ? ಏನೂ ಇಲ್ಲ. ತನಗೆ ಗೊತ್ತಿಲ್ಲದೆಯೇ ಸೈಮಿ ಈಗ ತೂಗುತ್ತಿದ್ದಳು. ಯಾರ ಕಣ್ಣೀರನ್ನೂ ಅಲ್ಲ, ಗಂಡನ ಬದುಕನ್ನು.

ಒಂದು ಶನಿವಾರ ಮಧ್ಯಾಹ್ನ ಟವೆಲು ಕೊಡಲು ಸೌನಾದ ಹೊರಕೋಣೆಯ ಬಾಗಿಲಿಗೆ ಹೋದಾಗ ಒಳಗೆ ಅವನ ದನಿ ಕೇಳಿಸಿತು. ಪ್ರಾರ್ಥನೆ ಮಾಡುತ್ತಿದ್ದ. ಮಕ್ಕಳ ಹೆಸರು ಒಂದೊಂದಾಗಿ ಹೇಳಿದ. ಕುಸ್ತಾನ ಮನೆಯವರ ಹೆಸರು ಹೇಳಿದ. ಉರ್ಹೋ, ಮಾರ್ತಾ, ತೊಯ್ನಿಯ ಹೆಸರನ್ನೂ ಹೇಳಿ ಅವರಿಗೆ ಒಳ್ಳೆಯದಾಗಲಿ ಅಂದ. ಕೊನೆಗೆ, "ಕರ್ತನೇ, ಸೈಮಿಗೆ ಸ್ವಲ್ಪ ಧೈರ್ಯ ಕೊಡು," ಅಂದ. ಸೈಮಿ ಟವೆಲನ್ನು ಚಿಲಕಕ್ಕೆ ತೂಗುಹಾಕಿ, ಸದ್ದಾಗದಂತೆ ವಾಪಸು ಬಂದಳು. ಅಂದು ಅವಳಿಗೆ ತಿಳಿಯಿತು. ಅನುಮಾನವಲ್ಲ, ತಿಳಿಯಿತು.

ಬಾಗಿಲು ತಳ್ಳಿ ಒಳಗೆ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬುಧವಾರದವರೆಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿ, ಗುರುವಾರ ಸೇತುವೆ ದಾಟಿ ಮಾರ್ತಾಳ ಮನೆಗೆ ಹೋದಳು. ಕೇಳುವುದಕ್ಕಲ್ಲ, ಹೇಳುವುದಕ್ಕೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

"ಇವತ್ತು ಅವನಿಗೆ ಶಾಂತಿ ಹೇಳ್ತೀನಿ ಮಾರ್ತಾ. ಅವನಲ್ಲಿ ಏನೂ ಇಲ್ಲ. ನಿಮಗೋಸ್ಕರ ಪ್ರಾರ್ಥನೆ ಮಾಡ್ತಾನೆ ಕಣೇ ಅವನು."

ಮಾರ್ತಾ ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿದಳು. "ಒಳ್ಳೇದಾಗಿ ಕಾಣೋದೇ ಅದರ ಆಟ, ಸೈಮಿ."

"ಹಾಗಾದ್ರೆ ಅವನು ಹೇಗಿದ್ರೆ ಸರಿ ಹೇಳು? ಕೆಟ್ಟದಾಗಿದ್ರೂ ಆತ್ಮ, ಒಳ್ಳೇದಾಗಿದ್ರೂ ಆತ್ಮ?"

ಮಾರ್ತಾಳ ಬಳಿ ಇದ್ದದ್ದು ಕಣ್ಣೀರು, ಅದು ಬಂತು. ಹಿಟ್ಟಿನ ಕೈಯಲ್ಲೇ ಸೈಮಿಯ ಕೈ ಹಿಡಿದು, "ಒಂದು ವಾರ ತಡಿ. ನಾವಿಬ್ಬರೂ ಪ್ರಾರ್ಥನೆ ಮಾಡೋಣ. ಇಷ್ಟು ವರ್ಷ ತಡೆದಿದೀಯ, ಒಂದು ವಾರ ತಡೆಯಕ್ಕಾಗಲ್ವಾ?" ಅಂದಳು.

ಅಯ್ಯೋ ಸೈಮಿ! ತಡೆದಳು.

ಆ ಭಾನುವಾರವೇ ದಕ್ಷಿಣದ ಕಡೆಯಿಂದ ಇಬ್ಬರು ಪ್ರಸಂಗಿಗಳು ಬಂದರು. ಅಲ್ಲಿ ಏನೇನು ಚರ್ಚೆಯಾಗಿತ್ತೋ, ಗಾಳಿ ತಿರುಗಿತ್ತು. ಎಚ್ಚರಿಕೆಗಳು ಅತಿಯಾದವು, ಪ್ರೀತಿ ಸಾಲದೆ ಹೋಯಿತು, ಕಟ್ಟಿಹಾಕಿದವರನ್ನೆಲ್ಲ ಬಿಟ್ಟುಬಿಡಿ ಎಂದರು. ನಿನ್ನೆಯವರೆಗೆ ಆತ್ಮಗಳನ್ನು ಮೂಸಿ ನೋಡುತ್ತಿದ್ದವರೇ ಇಂದು ಒಬ್ಬರ ಕೊರಳಿಗೊಬ್ಬರು ಬಿದ್ದು ಅತ್ತರು. ಉರ್ಹೋ ಎಲ್ಲರಿಗಿಂತ ಜೋರಾಗಿ ಅತ್ತ. ಯಾರು ಯಾವ ತಪ್ಪು ಮಾಡಿದರು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲರ ಎಲ್ಲವೂ ಕ್ಷಮೆಯಾಯಿತು, ಕಾಫಿ ಆರುವುದರೊಳಗೆ ಕೈ ತೊಳೆದುಕೊಂಡರು. ಕುಸ್ತಾನಿಗೂ ಬಿಡುಗಡೆ ಕೊಟ್ಟರು. ಕುಸ್ತಾ ಹಿಂದಿನ ಶರತ್ಕಾಲದಲ್ಲೇ ತೀರಿಹೋಗಿದ್ದ, ಅವನನ್ನು ಹೂಳುವಾಗ ಬಂದವರು ನಮಸ್ಕಾರ ಹೇಳಿ ಹೋಗಿದ್ದರು.

ಸೈಮಿ ಕಾಫಿಗೆ ನಿಲ್ಲಲಿಲ್ಲ. ಕೋಟಿನ ಗುಂಡಿ ಹಾಕದೆ, ಕರಗಿದ ಹಿಮದ ಕೆಸರಿನಲ್ಲಿ ಜಾರುತ್ತ, ಹದಿನಾರರ ಹುಡುಗಿಯ ಹಾಗೆ ಮನೆಗೆ ಓಡಿದಳು. ಅರ್ವಿ ಅಂಗಳದಲ್ಲಿ ಕಟ್ಟಿಗೆ ಜೋಡಿಸುತ್ತಿದ್ದ.

"ದೇವರ ಶಾಂತಿ, ಅರ್ವಿ!"

ಅವನ ಮುಖದಲ್ಲಿ ಆಗ ಬಂದದ್ದನ್ನು ಸೈಮಿ ಸಾಯುವವರೆಗೆ ಮರೆಯಲಿಲ್ಲ. ಕೈಯಲ್ಲಿದ್ದ ಕಟ್ಟಿಗೆ ಬಿತ್ತು. ಕೈಗವಸು ಕಿತ್ತು ಎಸೆದು, ಕೈ ಅರ್ಧ ಚಾಚಿದ. ಅಷ್ಟರಲ್ಲಿ ಅವಳ ಭುಜದ ಮೇಲಿಂದ ರಸ್ತೆ ಕಂಡಿತು. ಸೇತುವೆಯ ಮೇಲೆ ಉರ್ಹೋನ ಕಾರು, ಅದರ ಹಿಂದೆ ಭಾನುವಾರದ ಬಟ್ಟೆಯಲ್ಲಿ ಜನ, ಯಾರೋ ಇವನ ಕಡೆಗೇ ಕೈ ಬೀಸುತ್ತಿದ್ದರು. ಚಾಚಿದ ಕೈ ಅಲ್ಲೇ ನಿಂತಿತು.

"ಸೈಮಿ," ಅಂದ ಮೆಲ್ಲಗೆ, "ಇದು ನಿಂದಾ? ಅವರದಾ?"

ನಂದು ಎಂದಿದ್ದರೆ ಅರ್ಧ ನಿಜವೇ ಆಗುತ್ತಿತ್ತು. ಆದರೆ ಸೈಮಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅರ್ಧ ಸುಳ್ಳೂ ಇಲ್ಲ. "ಈಗ ತಾನೆ ಬಿಡುಗಡೆ ಕೊಟ್ರು," ಅಂದಳು. "ಆದ್ರೆ ನಾನು ಗುರುವಾರವೇ ಹೇಳ್ಬೇಕು ಅಂತ ಹೊರಟಿದ್ದೆ, ದೇವರಾಣೆಗೂ. ಮಾರ್ತಾ ತಡಿ ಅಂದ್ಲು."

"ತಡೆದೆ."

"ತಡೆದೆ," ಅಂದಳು ಸೈಮಿ.

ಅರ್ವಿ ಅವಳ ಕೈ ಹಿಡಿದುಕೊಂಡ. ಒರಟು ಕೈ, ಬೆಚ್ಚಗಿತ್ತು. "ನಮಸ್ಕಾರ, ಸೈಮಿ," ಅಂದ.

ಕಾರು ಅಂಗಳಕ್ಕೆ ಬಂತು. ಉರ್ಹೋ ಇಳಿದು ಬಿಕ್ಕುತ್ತ ಅರ್ವಿಯ ಕೊರಳಿಗೆ ಬಿದ್ದ. ಅರ್ವಿ ಅವನ ಬೆನ್ನು ತಟ್ಟಿ, "ದೇವರ ಶಾಂತಿ, ಉರ್ಹೋ" ಅಂದ. ಮಾರ್ತಾಗೆ ಹೇಳಿದ, ತೊಯ್ನಿಗೆ ಹೇಳಿದ, ಟ್ರಾಕ್ಟರಿನವನಿಗೂ ಹೇಳಿದ. ಒಬ್ಬರನ್ನೂ ಬಿಡಲಿಲ್ಲ. ಸೈಮಿ ಕಟ್ಟಿಗೆ ರಾಶಿಯ ಪಕ್ಕ ನಿಂತು ನೋಡಿದಳು.

ಎಲ್ಲರೂ ಹೋದ ಮೇಲೆ ಅವಳು ಅವನನ್ನು ಕ್ಷಮೆ ಕೇಳಿದಳು. ಬದುಕಿನಲ್ಲಿ ಮೊದಲ ಸಲ ಪಾಪದ ಹೆಸರು ತಿಳಿದು ಕೇಳಿದಳು. ಅವನು ಕೊರಳು ತಬ್ಬಿ, ಹೇಳಬೇಕಾದ ಮಾತನ್ನೆಲ್ಲ ಹೇಳಿ ಕ್ಷಮಿಸಿದ. ಅದರಲ್ಲಿ ಕಪಟವಿರಲಿಲ್ಲ. ಮಾರನೆಯ ದಿನ ಕೆಲಸದಿಂದ ಬಂದು, "ನಮಸ್ಕಾರ" ಅಂದ.

"ಕ್ಷಮಿಸಿದೆ ಅಂದ್ಯಲ್ಲ. ಊರಿಗೆಲ್ಲ ಶಾಂತಿ ಹಂಚಿದೆ. ನನಗೆ ಯಾಕಿಲ್ಲ?"

"ಅವರು ಊರು, ಸೈಮಿ. ಊರಿಗೆ ಊರು ಹೇಳಿದ ಹಾಗೆ ನಡೀತಾರೆ. ನೀನು ನನ್ನ ಹೆಂಡತಿ." ಅವನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ, ಸಿಟ್ಟಿರಲಿಲ್ಲ, ಸುಸ್ತಿತ್ತು. "ಶಿಕ್ಷೆ ಅಂದ್ಕೋಬೇಡ. ಹೇಳೋಕೆ ಹೋಗ್ತೀನಿ, ಬಾಯಿಗೆ ಬರಲ್ಲ. ನೀನು ಹೇಳಿದಾಗೆಲ್ಲ, ಯಾರ ಅಪ್ಪಣೆ ಇದೆ ಅಂತ ನಿನ್ನ ಹಿಂದೆ ನೋಡೋ ಹಾಗಾಗುತ್ತೆ. ನಾನೇನು ಮಾಡ್ಲಿ?"

ಅಪ್ಪಣೆ ಸಿಕ್ಕಿಬಿಟ್ಟ ಮೇಲೆ ಆ ಮಾತನ್ನು ತನ್ನದಾಗಿ ಕೊಡುವ ದಾರಿ ಅವಳಿಗೂ ಉಳಿದಿರಲಿಲ್ಲ. ಹೀಗೆ ಅವರು ಒಂದೇ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಬಾಳಿದರು, ಜಗಳವಿಲ್ಲದೆ. ಅವಳಿಗೆ ಮಂಡಿನೋವು ಬಂದಾಗ ನೀರು ಹೊತ್ತವನು ಅವನು. ಅವನಿಗೆ ಕಿವಿ ಮಂದವಾದಾಗ ಓದಿ ಹೇಳಿದವಳು ಅವಳು. ಊರಿನವರ ಕಣ್ಣಿಗೆ ಚೆನ್ನಾಗಿದ್ದ ಜೋಡಿ. ಕ್ಯಾನುಗಳು ಹೋಗಿ ದೊಡ್ಡ ಟ್ಯಾಂಕರುಗಳು ಬಂದ ಮೇಲೆ ಅರ್ವಿ ಮನೆಯಲ್ಲೇ ಇದ್ದ. ಒಂದು ಸೆಪ್ಟೆಂಬರಿನಲ್ಲಿ ಕಾಡುಹಣ್ಣು ಆರಿಸಲು ಹೋದವನು ಜೌಗಿನ ಅಂಚಿನ ಬೊಡ್ಡೆಯ ಮೇಲೆ ಕೂತಂತೆಯೇ ಹೋಗಿಬಿಟ್ಟಿದ್ದ. ಅಂದು ಹೊರಡುವಾಗಲೂ ನಮಸ್ಕಾರ ಹೇಳಿಯೇ ಹೋಗಿದ್ದ.

ಮರುವರ್ಷ ಮಾರ್ತಾ ಮತ್ತು ತೊಯ್ನಿ ಬನ್ನಿನ ತಟ್ಟೆ ಹಿಡಿದು ಬಂದರು. ಮೂವರೂ ಮುದುಕಿಯರಾಗಿದ್ದರು. ಇರ್ಯಾ ಆಗ ಔಲು ಪಟ್ಟಣದಲ್ಲಿದ್ದಳು, ನಂಬಿಕೆ ಬಿಟ್ಟು ಬಹಳ ಕಾಲವಾಗಿತ್ತು, ಮದುವೆಯಾಗದೆ ಒಬ್ಬನ ಜೊತೆ ಇದ್ದಳು. ಸೈಮಿ ತಿಂಗಳಿಗೊಮ್ಮೆ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದಳು.

ಎರಡನೆಯ ಲೋಟ ಸುರಿದಾಗ ಮಾರ್ತಾ, "ನೀನು ಅಲ್ಲಿಗೆ ಹೋಗೋದು ನನ್ನ ಮನಸ್ಸಿಗೆ ಭಾರ ಸೈಮಿ. ನೀನು ಹೋಗ್ತಿದ್ರೆ ಅವಳಿಗೆ ತನ್ನ ಸ್ಥಿತಿ ತಿಳಿಯೋದು ಯಾವಾಗ? ಸ್ವಲ್ಪ ದಿನ ದೂರ ಇದ್ದು ನೋಡು," ಅಂದಳು. ಕಣ್ಣು ತುಂಬಿತ್ತು.

"ಇರ್ಯಾನ್ನ ನೀನು ಕಡೆಗೆ ನೋಡಿದ್ದು ಯಾವಾಗ?" ಅಂದಳು ಸೈಮಿ.

"ಅವಳು ಊರು ಬಿಟ್ಟಾಗ..."

"ಅವಳ ಮನೇಲಿ ಕೂತು ಕಾಫಿ ಕುಡಿದಿದೀಯಾ? ಆ ಹುಡುಗನ ಹೆಸರಾದ್ರೂ ಗೊತ್ತಾ?"

"ಅದೆಲ್ಲ ಯಾಕೆ? ಆತ್ಮದಲ್ಲಿ ಗೊತ್ತಾಗುತ್ತೆ," ಅಂದಳು ತೊಯ್ನಿ.

"ನನ್ನ ಗಂಡನ ವಿಷಯದಲ್ಲೂ ನಿಮಗೆ ಆತ್ಮದಲ್ಲೇ ಗೊತ್ತಾಗಿದ್ದು." ಸೈಮಿ ಬನ್ನಿನ ತಟ್ಟೆಗೆ ಮತ್ತೆ ಬಟ್ಟೆ ಮುಚ್ಚಿ ತೊಯ್ನಿ ಕಡೆ ತಳ್ಳಿದಳು. "ನಿಮ್ಮ ಭಾರ ನಿಮ್ಮ ಹತ್ರಾನೇ ಇರ್ಲಿ. ನನ್ನ ಹತ್ರ ನಂದೇ ಇದೆ."

ಮಾರ್ತಾ ಗೊಳೋ ಎಂದು ಅತ್ತಳು. ಸೈಮಿ ಅವಳಿಗೆ ಕರವಸ್ತ್ರ ಕೊಟ್ಟಳು, ಕ್ಷಮೆ ಕೇಳಲಿಲ್ಲ.

ಮರುದಿನವೇ ಬಸ್ಸು ಹತ್ತಿದಳು. ಇರ್ಯಾಳ ಮನೆ ನಾಲ್ಕನೆಯ ಮಹಡಿ. ಮಂಡಿ ಹಿಡಿದುಕೊಂಡು ಹತ್ತಿ, ಬಾಗಿಲು ತೆರೆದ ಮಗಳ ಕೈ ಹಿಡಿದು, ಉಸಿರು ಕಟ್ಟಿದ್ದರೂ ಸ್ಪಷ್ಟವಾಗಿ, "ದೇವರ ಶಾಂತಿ, ಇರ್ಯಾ" ಅಂದಳು. ಹೊರಗಿನವಳಿಗೆ ಆ ಮಾತು ಹೇಳಕೂಡದು. ಹೇಳು ಎಂದು ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅದೊಂದು ಮಾತು ಮಾತ್ರ ಸೈಮಿಯ ಸ್ವಂತದ್ದು.

ಇರ್ಯಾ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಕೈಯೊಳಗಿನ ಜೀವ ಹೋದ ಹಾಗೆ ಸಡಿಲವಾಯಿತು.

"ಅಪ್ಪ ಕೈ ಚಾಚ್ಕೊಂಡು ನಿಂತಿದ್ರು," ಅಂದಳು. "ನೀನು ನನ್ನ ಭುಜ ಹಿಡಿದು, ನಮಸ್ಕಾರ ಅನ್ನು ಅಂದೆ. ನಾನು ಅಂದೆ. ನಾನೇ ಮೊದಲು ಅಂದಿದ್ದು ಅಮ್ಮ, ಉಳಿದೋರೆಲ್ಲ ನನ್ನ ನೋಡಿ ಕಲಿತಿದ್ದು."

"ಗೊತ್ತು ಕಣೇ."

"ನೀನು ಬಾ. ಯಾವಾಗ ಬೇಕಾದ್ರೂ ಬಾ, ಇಲ್ಲೇ ಇರು ಬೇಕಾದ್ರೆ. ಆ ಮಾತು ಮಾತ್ರ ನನ್ನ ಮನೆ ಒಳಗೆ ತರಬೇಡ."

ಸೈಮಿ ಆಗಲಿ ಎಂದು ತಲೆಯಾಡಿಸಿದಳು. ಗೋಡೆ ಹಿಡಿದು ಬಗ್ಗಿ ಷೂ ಬಿಚ್ಚಿ ಬಾಗಿಲ ಪಕ್ಕ ಜೋಡಿಸಿ ಇಟ್ಟಳು. ಇರ್ಯಾ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.